ಚೀಸ್ ತಟ್ಟುವವನ ಕಿವಿ

ಕಾರ್ಖಾನೆಯಲ್ಲಿ ಅವರನ್ನು ಕಿವಿಯಪ್ಪ ಎಂದು ಕರೆಯುತ್ತಿದ್ದರು. ಹೆಸರು ಬಂದದ್ದು ಅವರ ಮುದ್ರೆಯಿಂದ. ಮೂವತ್ತನಾಲ್ಕು ವರ್ಷದ ಹಿಂದೆ ಕಮ್ಮಾರನಿಗೆ ಗಂಟೆಯ ಆಕಾರದ ಮುದ್ರೆ ಮಾಡಿಕೊಡು ಎಂದಿದ್ದರು. ಅವನು ಮಾಡಿ ತಂದದ್ದು ಯಾವ ಕಡೆಯಿಂದ ನೋಡಿದರೂ ಕಿವಿಯ ಹಾಗಿತ್ತು. ವಾಪಸ್ ಕಳಿಸುವಷ್ಟು ಉತ್ಸಾಹ ಅವರಲ್ಲಿ ಆಗಲೂ ಇರಲಿಲ್ಲ.

ಮುದ್ರೆ ಒತ್ತುತ್ತಿದ್ದದ್ದು ಚೀಸಿನ ಗಾಲಿಗಳ ಮೇಲೆ. ಮಾಗುವ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಮರದ ಹಲಗೆಗಳು. ಅವುಗಳ ಮೇಲೆ ಏಳೆಂಟು ವರ್ಷದ ಮಗುವಿನಷ್ಟು ತೂಕದ ಗಾಲಿಗಳು ಎರಡು ವರ್ಷ ಮಿಸುಕದೆ ಕೂತಿರುತ್ತವೆ. ಅಂಗಡಿಗೆ ಹೋಗುವ ಮೊದಲು ಒಬ್ಬರು ಪುಟ್ಟ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ, ಕಿವಿಗೊಟ್ಟು ಕೇಳಬೇಕು. ಒಳಗೆಲ್ಲ ಗಟ್ಟಿಯಾಗಿ ಕೂಡಿಕೊಂಡಿದ್ದರೆ ಒಂದು ಸದ್ದು, ಬಿರುಕು ಬಿಟ್ಟಿದ್ದರೆ ಇನ್ನೊಂದು. ಗಟ್ಟಿಯಾದದ್ದಕ್ಕೆ ಕಾದ ಮುದ್ರೆ; ಬಿರುಕಿನದು ಕರಗಿಸುವ ಕಡಾಯಿಗೆ, ಅಲ್ಲಿಂದ ಅಗ್ಗದ ಡಬ್ಬಿಗೆ. ತೀರಾ ಅನುಮಾನವಾದರೆ ಬೈರಿಗೆ ಇದೆ. ಅದನ್ನು ಗಾಲಿಯೊಳಗೆ ತಿರುಗಿಸಿ ಎಳೆದರೆ ಬೆರಳುದ್ದದ ತುಂಡು ಬರುತ್ತದೆ. ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡು, ಮಿಕ್ಕದ್ದನ್ನು ಬಿರಡೆಯ ಹಾಗೆ ಅದೇ ತೂತಿಗೆ ತುರುಕಿ, ಮೇಲೆ ಚೀಸನ್ನೇ ಬೆರಳಿನಿಂದ ಸವರಿ ಮುಚ್ಚಬೇಕು. ಒಳ್ಳೆಯ ತಟ್ಟುವವರು ಬೈರಿಗೆ ಮುಟ್ಟುವುದಿಲ್ಲ. ಕಿವಿಯಪ್ಪ ಮುಟ್ಟದೆ ಹತ್ತು ವರ್ಷವಾಗಿತ್ತು.

ಆ ಚೀಸನ್ನು ತಿನ್ನಬೇಕೇ ಬೇಡವೇ ಎಂಬ ವಿಷಯದಲ್ಲಿ ಅವರ ಮನೆಯಲ್ಲಿ ಮೂರು ಮತಗಳಿದ್ದವು. ಹೆಂಡತಿಯದು ಮೂಳೆಯ ಮತ. ಹಾಲು ಕುಡಿಯದವರು, ಮೊಸರು ಮುಟ್ಟದವರು, ಚೀಸ್ ಬಿಟ್ಟವರು ಎಲ್ಲರೂ ಒಂದಲ್ಲ ಒಂದು ದಿನ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ ಎಂದು ಆಕೆ ನಂಬಿದ್ದರು. ಹಾಗೆ ಬಿದ್ದವರ ಪಟ್ಟಿ ಬಾಯಿಪಾಠವಿತ್ತು. ಎರಡನೆಯದು ಡಾಕ್ಟರದು. ಅವರು ಕಿವಿಯಪ್ಪನವರ ರಕ್ತದ ವರದಿ ನೋಡಿ, "ನಿಮ್ಮ ಕೆಲಸ ಅದೇ ಅಂತ ಗೊತ್ತು, ಆದರೂ ಬಾಯಿಗೆ ಹಾಕ್ಕೋಬೇಡಿ" ಎಂದು ಎರಡು ವರ್ಷವಾಗಿತ್ತು. ಮೂರನೆಯದು ಮಗಳದು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ, ಊರಿನ ಆಚೆ ಕೊನೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಳು. ಕರುವಿಗೆ ಸೇರಬೇಕಾದದ್ದನ್ನು ಕಸಿದು ತಿನ್ನುವುದು ತಪ್ಪು ಎಂದು ಆರು ವರ್ಷದಿಂದ ಹಾಲಿನದೇನನ್ನೂ ಮುಟ್ಟುತ್ತಿರಲಿಲ್ಲ. ಕಳೆದ ತಿಂಗಳು ಇನ್ನೂ ನಾಲ್ಕು ಜನರ ಜೊತೆ ಕಾರ್ಖಾನೆಯ ಗೇಟಿನ ಮುಂದೆ ಬೋರ್ಡು ಹಿಡಿದು ನಿಂತಿದ್ದಳು. ಕಿವಿಯಪ್ಪ ಅವತ್ತು ಹಿಂದಿನ ಗೇಟಿನಿಂದ ಒಳಗೆ ಹೋಗಿ, ಹನ್ನೊಂದು ಗಂಟೆಗೆ ಮುಂದಿನ ಗೇಟಿನಿಂದ ಹೊರಗೆ ಬಂದು, ಅವಳಿಗೊಂದು ಲೋಟ ಚಹಾ ಕೊಟ್ಟರು. ಹಾಲು ಹಾಕಿರಲಿಲ್ಲ.

ಅವರಿಗೆ ಸ್ವಂತದ್ದೆನ್ನುವ ಮತ ಯಾವುದೂ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಅದರ ವಾಸನೆಯಲ್ಲೇ ಇರುವವನಿಗೆ ತಿನ್ನಬೇಕೋ ಬಿಡಬೇಕೋ ಎಂದು ಯೋಚಿಸುವಷ್ಟು ಹಸಿವು ಉಳಿದಿರುವುದಿಲ್ಲ.

ತೊಂದರೆ ಬಂದದ್ದು ಆರು ಗಾಲಿಗಳಿಂದ. ಒಂದೇ ತಿಂಗಳಲ್ಲಿ ಆರೂ ಅಂಗಡಿಗಳಿಂದ ವಾಪಸ್ ಬಂದವು. ಮ್ಯಾನೇಜರ್ ಅವನ್ನು ಎರಡೆರಡು ಹೋಳು ಮಾಡಿ ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಆರರ ಒಳಗೂ ಕೈ ತೂರುವಷ್ಟು ಬಿರುಕು. ಆರರ ಮೇಲೂ ಕಿವಿ.

"ಅರವತ್ತನಾಲ್ಕು ಗಾಲಿ ತಟ್ಟಿ, ಗಟ್ಟಿಯಾದವು ಮಂಗಳವಾರ ಹೋಗಬೇಕು," ಎಂದಿದ್ದರು ಮ್ಯಾನೇಜರ್. "ಅದರಲ್ಲಿ ಒಂದು ವಾಪಸ್ ಬಂದರೂ ಮುದ್ರೆ ಒಪ್ಪಿಸಿಬಿಡಿ. ಇನ್ನು ನಾಲ್ಕು ತಿಂಗಳು ತಾನೆ ನಿಮ್ಮದು, ಹಲಗೆ ಒರೆಸ್ಕೊಂಡಿರಿ."

ಉಪ್ಪುನೀರಿನ ಬಟ್ಟೆ ಹಿಡಿದು ಹಲಗೆ ಒರೆಸುವುದು ಅವರು ಹತ್ತೊಂಬತ್ತನೇ ವಯಸ್ಸಿನಲ್ಲಿ ಸೇರಿದಾಗ ಕೊಟ್ಟ ಕೆಲಸ. ಹೊರಟ ಬಾಗಿಲಿಗೇ ಬಂದು ನಿಂತ ಹಾಗಾಯಿತು.

ಕಿವಿ ಮಂದವಾಗಿದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಾಗಲು ಮಾತ್ರ ಬಹಳ ಕಾಲ ಹಿಡಿದಿತ್ತು. ಮೊದಮೊದಲು, ಈಗಿನ ಜನ ಬಾಯೊಳಗೇ ಮಾತಾಡುತ್ತಾರೆ ಎಂದು ದೂರುತ್ತಿದ್ದರು. ಆಮೇಲೆ ಊರೇ ಸ್ವಲ್ಪ ಸಭ್ಯವಾಗಿದೆ ಅನಿಸಿತು. ಕೊನೆಗೆ ಒಂದು ಮಧ್ಯಾಹ್ನ ಸುತ್ತಿಗೆಯಿಂದ ಗಾಲಿಯನ್ನೂ, ಪಕ್ಕದ ಹಲಗೆಯನ್ನೂ, ತಮ್ಮ ಮಂಡಿಯನ್ನೂ ಒಂದಾದಮೇಲೊಂದು ತಟ್ಟಿ ನೋಡಿದರು. ಮೂರೂ ಒಂದೇ ಸದ್ದು.

ಆ ಕೆಲಸ ಬಲ್ಲ ಇನ್ನೊಂದು ಜೊತೆ ಕಿವಿ ಊರಿನಲ್ಲಿ ಇದ್ದದ್ದು ಮಗಳಿಗೆ. ಶಾಲೆಗೆ ರಜೆಯಿದ್ದಾಗ ಅವಳನ್ನು ಕೋಣೆಗೆ ಕರೆದೊಯ್ಯುತ್ತಿದ್ದರು. ಹೊತ್ತು ಹೋಗಲೆಂದು ಒಂದು ಆಟ ಕಟ್ಟಿದ್ದರು: ಅಪ್ಪ ಗಾಲಿಯನ್ನು ತಟ್ಟಿ "ಮನೇಲಿ ಜನ ಇದ್ದಾರಾ?" ಎನ್ನಬೇಕು, ಮಗಳು ಕಿವಿಯಿಟ್ಟು "ಇದ್ದಾರೆ" ಅಥವಾ "ಇಲ್ಲ" ಎನ್ನಬೇಕು. ಹತ್ತು ವರ್ಷ ತುಂಬುವ ಹೊತ್ತಿಗೆ ಅವಳ ಮಾತು ತಪ್ಪುತ್ತಿರಲಿಲ್ಲ.

ಶುಕ್ರವಾರ ಸಂಜೆ ಅವಳು ಮನೆಗೆ ಬಂದಳು. ಅಡುಗೆಮನೆಯಲ್ಲಿ ಎಂದಿನ ಯುದ್ಧ ನಡೆದಿತ್ತು.

"ನಿನ್ನ ಮುಖ ನೋಡಿಕೋ ಕನ್ನಡಿಲಿ," ಅಮ್ಮ ಹೇಳುತ್ತಿದ್ದರು. "ಸುಣ್ಣ ಬಳಿದ ಗೋಡೆ. ಒಂದು ಲೋಟ ಹಾಲು ಕುಡಿದರೆ ಯಾವ ಹಸು ನಿನ್ನ ಮೇಲೆ ಕೇಸು ಹಾಕುತ್ತೆ?"

"ಹಾಕೋಕೆ ಅದಕ್ಕೆ ಲಾಯರ್ ಇಲ್ವಲ್ಲಮ್ಮ."

"ಅದಕ್ಕೇ ನೀನು ನಿಂತಿದ್ದೀಯ ಗೇಟಿನ ಮುಂದೆ. ಅಪ್ಪನ ಅನ್ನಕ್ಕೇ ಬೋರ್ಡು ಹಿಡ್ಕೊಂಡು."

"ಕರು ಹುಟ್ಟಿದ ಎರಡನೇ ದಿನ ಬೇರೆ ಕಟ್ತಾರೆ. ತಾಯಿ ಎರಡು ದಿನ ಕೂಗುತ್ತೆ. ಕಾರ್ಖಾನೆ ಹಿಂದುಗಡೆಯೇ ಇದೆಯಲ್ಲ ಕೊಟ್ಟಿಗೆ, ಚಿಕ್ಕವಳಿದ್ದಾಗ ಎಷ್ಟು ಸಲ ಕೇಳಿಲ್ಲ ನಾನು."

"ಅದು ಆಗ. ಈಗ ಆ ಕೂಗಾಟವೇ ಇಲ್ಲವಂತೆ. ಒಳ್ಳೆ ಪದ್ಧತಿ ಬಂದಿದೆಯಂತೆ. ನಿಮ್ಮಪ್ಪನೇ ಹೇಳ್ತಾರೆ, ಕೇಳು ಬೇಕಾದರೆ."

ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದರು. ಹೌದು, ಅವರೇ ಹೇಳಿದ್ದರು. ಒಂದೂವರೆ ವರ್ಷದಿಂದ ಒಂದು ಸಲವೂ ಕೇಳಿಸಿರಲಿಲ್ಲ.

ಅವಳನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದಾಗ ವಿಷಯ ಎತ್ತಿದರು. ಎತ್ತುವ ಮೊದಲು ಎರಡು ಬಸ್ಸು ಹೋದವು.

"ನಿನ್ನಿಂದ ಒಂದು ಉಪಕಾರ ಆಗಬೇಕಿತ್ತು."

"ಹೇಳಪ್ಪಾ."

ಹೇಳಿದರು. ಅವಳು ಮುಂದಿನ ಬಸ್ಸನ್ನೂ ಬಿಟ್ಟಳು.

"ನೀನು ತಿನ್ನೋದೇನೂ ಬೇಡ," ಅವರು ಸೇರಿಸಿದರು. "ಬರೀ ಕೇಳೋದು."

"ನಾನು ತಟ್ಟದೇ ಇದ್ದರೆ ಆ ಹಾಲು ಕರುವಿಗೆ ವಾಪಸ್ ಹೋಗುತ್ತಾ? ಇಲ್ಲ ತಾನೆ," ಎಂದಳು, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ, ಆಮೇಲೆ ಅವರಿಗೆ ಕೇಳಿಸುವಂತೆ, "ಬರ್ತೀನಿ. ಆದರೆ ನಾನು ಇಲ್ಲ ಅಂದರೆ ಇಲ್ಲ. ಅಲ್ಲಿ ನಿಂತು ವಾದ ಬೇಡ."

"ವಾದ ಮಾಡೋಕೆ ನನಗೆಲ್ಲಿ ಶಕ್ತಿ," ಎಂದರು ಕಿವಿಯಪ್ಪ. ಅದು ನಿಜವಾಗಿತ್ತು. ಮನೆಗೆ ಹಿಂದಿರುಗುವಾಗ ಮಾತ್ರ ಒಂದು ಯೋಚನೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚತೊಡಗಿತು. ಜನ ಚೀಸ್ ತಿನ್ನಲೇಬಾರದು ಎನ್ನುವವಳು, ಚೆನ್ನಾಗಿರುವ ಗಾಲಿಯನ್ನು ಇಲ್ಲ ಎಂದುಬಿಟ್ಟರೆ? ಕಂಡುಹಿಡಿಯುವವರು ಯಾರು?

ಭಾನುವಾರ ಕಾರ್ಖಾನೆಗೆ ರಜೆ. ಗೇಟಿನಲ್ಲಿ ಕಾವಲುಗಾರ ಒಬ್ಬನೇ ಇದ್ದ. ಅಪ್ಪನಿಗೆ ಸಲಾಮು ಹೊಡೆದು, ಮಗಳನ್ನು ಮೇಲಿಂದ ಕೆಳಗೆ ನೋಡಿ, "ಇವತ್ತು ಬೋರ್ಡು ತಂದಿಲ್ವೇನಮ್ಮ?" ಎಂದ.

"ಒಗೆಯೋಕೆ ಹಾಕಿದ್ದೀನಿ," ಎಂದಳು.

ಮಾಗುವ ಕೋಣೆಯಲ್ಲಿ ತಂಪು, ಮರದ ಮತ್ತು ಒದ್ದೆ ಕಲ್ಲಿನ ವಾಸನೆ. ಮಗಳು ಒಮ್ಮೆ ಆಳವಾಗಿ ಉಸಿರು ಎಳೆದುಕೊಂಡು ತಟ್ಟನೆ ನಿಲ್ಲಿಸಿದಳು, ಎಳೆದುಕೊಳ್ಳುವ ಹಕ್ಕಿಲ್ಲವೆಂದು ನೆನಪಾದವಳಂತೆ. ಸುತ್ತಿಗೆ ತೆಗೆದುಕೊಂಡಳು. ಆಸ್ಪತ್ರೆಯಲ್ಲಿ ದಿನವೂ ಇನ್ನೊಬ್ಬರ ಹಲ್ಲು ತಟ್ಟುವ ಅಭ್ಯಾಸವಿತ್ತಲ್ಲ, ಕೈಗೆ ಹಗುರವಾಗಿ ಕೂತಿತು. ಅಪ್ಪ ಮುದ್ರೆಯನ್ನು ಒಲೆಯ ಮೇಲಿಟ್ಟು, ಪಟ್ಟಿ ಬರೆಯುವ ಹಾಳೆ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು.

ಮೊದಲ ಗಾಲಿಯನ್ನು ಅವಳು ಐದು ಕಡೆ ತಟ್ಟಿದಳು. ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದರು.

"ಕೇಳಪ್ಪಾ ಮತ್ತೆ."

"ಏನು ಕೇಳೋದು?"

"ಪ್ರಶ್ನೆ."

ಅವರಿಗೆ ನಾಚಿಕೆಯಾಯಿತು, ಆದರೂ ಕೇಳಿದರು. "ಮನೇಲಿ ಜನ ಇದ್ದಾರಾ?"

"ಇದ್ದಾರೆ."

ಮುದ್ರೆ ಒತ್ತಿದರು. ಸಿಪ್ಪೆ ಚುರ್ರೆಂದು ಸುಟ್ಟಿರಬೇಕು. ಅವರಿಗೆ ಹೊಗೆ ಮಾತ್ರ ಕಂಡಿತು.

ಹೀಗೆ ಮೂವತ್ತೆರಡಾದವು. ಎರಡಕ್ಕೆ ಮಾತ್ರ ಅವಳು "ಇಲ್ಲ" ಎಂದಳು. ನಲವತ್ತಕ್ಕೆ ಎರಡು ಕೆಡುವುದು ಆ ಕೋಣೆಯ ರೂಢಿ. ಲೆಕ್ಕ ಸರಿಯಾಗೇ ಇತ್ತು. ಕಿವಿಯಪ್ಪನ ಭುಜ ಸ್ವಲ್ಪ ಇಳಿಯಿತು. ಮೂವತ್ತಮೂರನೆಯದಕ್ಕೆ ಸುತ್ತಿಗೆ ಎತ್ತಿದವಳು ಎತ್ತಿದ ಹಾಗೇ ನಿಂತಳು.

"ಏನಾಯಿತು?"

"ಕೂಗ್ತಾ ಇದೆ."

"ಯಾವುದು?"

"ಹಸು, ಹಿಂದಿನ ಕೊಟ್ಟಿಗೆಯಲ್ಲಿ. ಕರು ಬಿಡಿಸಿರಬೇಕು ನಿನ್ನೆ." ಅವಳು ಅವರ ಮುಖ ನೋಡಿದಳು. "ನಿನಗೆ ಕೇಳಿಸ್ತಿಲ್ವಾ?"

ಅವರು ತಲೆಯನ್ನು ಗೋಡೆಯ ಕಡೆ ವಾಲಿಸಿದರು. ಗೋಡೆಗೆ ಕಿವಿ ಹಚ್ಚಿದರು. ಕಲ್ಲು ತಣ್ಣಗಿತ್ತು, ಅಷ್ಟೆ. ಒಂದೂವರೆ ವರ್ಷದಿಂದ ಅವರು ಕೊಟ್ಟಿಗೆಯವರ ಬಗ್ಗೆ ಒಳ್ಳೆಯ ಮಾತಾಡಿಕೊಂಡು ಬಂದಿದ್ದರು. ಪಾಪ, ಸುಧಾರಿಸಿದ್ದಾರೆ ಎಂದು ಹೆಂಡತಿಯ ಮುಂದೆ ಹೊಗಳಿದ್ದರು. ಆ ನಂಬಿಕೆಯಿಂದ ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು.

"ತುಂಬಾ ಹೊತ್ತಿಂದಲಾ?" ಎಂದರು.

"ನಾವು ಬಂದಾಗಿಂದ."

ಅವಳು ಗಾಲಿ ತಟ್ಟಿದಳು. ಈ ಸಲ ಅವರು ಪ್ರಶ್ನೆ ಕೇಳಲಿಲ್ಲ, ಉತ್ತರ ಮಾತ್ರ ಬಂತು. "ಇಲ್ಲ." ಮೂವತ್ತನಾಲ್ಕು: "ಇದ್ದಾರೆ." ಮೂವತ್ತೈದು: "ಇಲ್ಲ." ಮೂವತ್ತಾರು: "ಇಲ್ಲ." ಮೂವತ್ತೇಳು: "ಇಲ್ಲ." ಮೂವತ್ತೆಂಟು: "ಇಲ್ಲ." ಅವಳ ಕಣ್ಣು ಕೆಂಪಾಗಿತ್ತು. ಸುತ್ತಿಗೆ ಹಲಗೆಯ ಮೇಲಿಟ್ಟು, "ಮುಖ ತೊಳ್ಕೊಂಡು ಬರ್ತೀನಿ," ಎಂದು ನಲ್ಲಿಯ ಕಡೆ ಹೋದಳು.

ಕಿವಿಯಪ್ಪ ಹಾಳೆ ನೋಡಿದರು. ಆರರಲ್ಲಿ ಐದು ಇಲ್ಲ. ಹಸು ಕೂಗಿದ ಮೇಲೆ ಐದು. ಮೂವತ್ತನಾಲ್ಕು ವರ್ಷದಲ್ಲಿ ಹಾಗಾದದ್ದು ನೆನಪಿರಲಿಲ್ಲ. ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ತಾವೇ ಅವಳ ಜಾಗದಲ್ಲಿದ್ದಿದ್ದರೆ ಎಲ್ಲವನ್ನೂ ಇಲ್ಲ ಎಂದುಬಿಡುತ್ತಿದ್ದರೇನೋ ಎಂದೂ ಅನಿಸಿತು. ಆದರೆ ಹಾಳೆಯ ಕೆಳಗೆ ಸಹಿ ಹಾಕಬೇಕಾದವರು ಅವರು. ವಾದ ಮಾಡುವುದಿಲ್ಲ ಎಂದು ಮಾತು ಕೊಟ್ಟದ್ದು ನಿಜ. ಕೊರೆಯುವುದಿಲ್ಲ ಎಂದಿರಲಿಲ್ಲ.

ಬೈರಿಗೆ ಡ್ರಾಯರಿನ ತಳದಲ್ಲಿತ್ತು. ಮೂವತ್ತೇಳನೆಯ ಗಾಲಿಗೆ ಅದನ್ನು ಇಳಿಸಿ ತಿರುಗಿಸಿದರು. ಅರ್ಧ ದಾರಿಯಲ್ಲಿ ಕೈಗೆ ಏನೂ ಎದುರು ಕೊಡದೆ ಸರ್ರೆಂದು ಒಳಗೆ ಹೋಯಿತು. ಎಳೆದಾಗ ತುಂಡು ನಡುವೆ ಮುರಿದಿತ್ತು. ಮುರಿದ ಕಡೆ ಬಿರುಕಿನ ಒಣ ಅಂಚು. ಒಳಗೆ ಯಾರೂ ಇರಲಿಲ್ಲ.

ಆಗಲೇ ಹಲಗೆಯ ಅಂಚಿನ ಸೀಮೆಸುಣ್ಣದ ತಾರೀಖು ಕಣ್ಣಿಗೆ ಬಿದ್ದದ್ದು. ಮೂವತ್ತೈದರಿಂದ ಮೂವತ್ತೆಂಟರವರೆಗೆ ಒಂದೇ ತಾರೀಖು. ಮೂವತ್ತಮೂರೂ ಅದೇ. ಮೂವತ್ತನಾಲ್ಕು ಮಾತ್ರ ಬೇರೆ ದಿನದ್ದು, ಯಾವಾಗಲೋ ಜಾಗ ಬದಲಿಸಿಟ್ಟದ್ದು. ಒಂದೇ ದಿನದ, ಒಂದೇ ಕೊಪ್ಪರಿಗೆಯ ಹಾಲು. ಅವತ್ತು ಏನೋ ಎಡವಟ್ಟಾಗಿತ್ತು. ತಾರೀಖು ಓದಿದ್ದರೆ ಸಾಕಿತ್ತು. ಆದರೆ ಜೀವಮಾನವೆಲ್ಲ ಕಿವಿಯನ್ನೇ ನಂಬಿದವರಿಗೆ ಕಣ್ಣಿನಿಂದ ನೋಡಬೇಕೆಂದು ಹೊಳೆದಿರಲಿಲ್ಲ.

ಅಭ್ಯಾಸಬಲ. ತುಂಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡಿದ್ದೂ ಅವರಿಗೆ ಗೊತ್ತಾದದ್ದು ಅದು ನಾಲಿಗೆಯ ಮೇಲೆ ಕರಗತೊಡಗಿದ ಮೇಲೆ. ಎರಡು ವರ್ಷದ ಪಥ್ಯ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ತೆರೆದಾಗ ಮಗಳು ಒದ್ದೆ ಮುಖ ಒರೆಸಿಕೊಳ್ಳುತ್ತ ಹತ್ತಿರವೇ ನಿಂತಿದ್ದಳು. ಅವಳು ಬಂದ ಸದ್ದು ಅವರಿಗೆಲ್ಲಿಂದ ಕೇಳಬೇಕು.

ಬಿರಡೆ ತುರುಕಿ, ಬೆರಳಿನಿಂದ ಸವರುವುದನ್ನು ಅವಳ ಕಣ್ಣೆದುರೇ ಮುಗಿಸಿದರು. ಅರ್ಧಕ್ಕೆ ಬಿಟ್ಟರೆ ಗಾಳಿ ಹೋಗುತ್ತದೆ.

"ಚೆನ್ನಾಗಿ ಮುಚ್ಚಿದ್ದೀಯ," ಎಂದಳು. "ಇನ್ನೂ ಕೈ ನಡುಗಲ್ಲ ನಿಂಗೆ."

"ಬಿರುಕಿದೆ," ಎಂದರು. ಬಾಯಿ ಇನ್ನೂ ಖಾಲಿಯಾಗಿರಲಿಲ್ಲ.

"ನಾನೂ ಅದನ್ನೇ ಹೇಳಿದ್ದು."

"ಹಸು ಕೂಗ್ತಿತ್ತಲ್ಲ, ಅದಕ್ಕೆ ನೀನು..."

"ಅದಕ್ಕೆ ನಾನು?"

ಅವಳು ಸುತ್ತಿಗೆಯನ್ನು ಮುಟ್ಟಲಿಲ್ಲ.

"ನಾನು ಬೋರ್ಡು ಹಿಡಿದಾಗ ನನ್ನ ಹೆಸರು ಬರೆದೇ ಹಿಡೀತೀನಪ್ಪಾ. ಕದ್ದು ಮಾಡೋಳಾಗಿದ್ರೆ ಆಗ ಮಳೇಲಿ ನಿಲ್ತಿದ್ನಾ?" ಧ್ವನಿ ಏರಿಸಿರಲಿಲ್ಲ, ಅವರು ಅದನ್ನು ತುಟಿಯಿಂದ ಓದಬೇಕಾಯಿತು. "ಹೇಳು. ಇನ್ನು ಇಪ್ಪತ್ತಾರಿದೆ. ಒಂದೊಂದಕ್ಕೂ ತೂತು ಹೊಡೀತೀಯಾ? ಹಾಗಾದರೆ ನಾನು ಹೊರಡ್ತೀನಿ, ಬಸ್ಸಿದೆ."

ಕಿವಿಯಪ್ಪ ಬೈರಿಗೆಯನ್ನು ಬಟ್ಟೆಯಿಂದ ಒರೆಸಿದರು. ಡ್ರಾಯರಿಗೆ ಹಾಕಲು ಹೋದವರು ಹಾಕದೆ, ಸ್ಟೂಲಿನ ಮೇಲಿದ್ದ ಅವಳ ಕೈಚೀಲದ ಬಾಯಿ ತೆರೆದು, ನೀರಿನ ಬಾಟಲಿಯ ಪಕ್ಕ ಅದನ್ನು ಇಟ್ಟು, ಜಿಪ್ ಎಳೆದರು. ಆಮೇಲೆ ಕೂತು ಹಾಳೆ ಎತ್ತಿಕೊಂಡರು.

"ಮೂವತ್ತೊಂಬತ್ತು," ಎಂದರು. "ಮನೇಲಿ ಜನ ಇದ್ದಾರಾ?"

ಅವಳು ಚೀಲದ ಕಡೆ ನೋಡಿ, ಸುತ್ತಿಗೆ ಎತ್ತಿಕೊಂಡಳು. ಗಾಲಿ ತಟ್ಟಿದಳು.

"ಇದ್ದಾರೆ."

ಐವತ್ತೆಂಟನೆಯದರ ಹತ್ತಿರ ತಡವರಿಸಿದಳು. ಮೇಲೆ, ಪಕ್ಕ, ಮತ್ತೆ ಮೇಲೆ. ಬೆನ್ನು ಬಗ್ಗಿಸಿ ಕಿವಿಯನ್ನೇ ಸಿಪ್ಪೆಗೆ ಒತ್ತಿದಳು.

"ಇದು ಗೊತ್ತಾಗ್ತಿಲ್ಲಪ್ಪ. ಇದಕ್ಕೆ ಬೇಕಾದರೆ ಕೊರೆದು ನೋಡು."

"ಬೈರಿಗೆ ನನ್ನ ಹತ್ತಿರ ಇಲ್ಲ."

"ಇದು ವಾಪಸ್ ಬಂದರೆ?"

"ನೀನು ಹೇಳು. ನಾನು ಬರ್ಕೋತೀನಿ."

ಇನ್ನೊಮ್ಮೆ ತಟ್ಟಿ, ಕಣ್ಣು ಮುಚ್ಚಿ, "ಇದ್ದಾರೆ," ಎಂದಳು. ಅವರು ಮುದ್ರೆ ಒತ್ತಿದರು. ಆ ದಿನ ಒತ್ತಿದ್ದರಲ್ಲಿ ಅತಿ ಸ್ಪಷ್ಟವಾಗಿ ಮೂಡಿದ ಕಿವಿ ಅದು.

ಅರವತ್ತನಾಲ್ಕು ಮುಗಿದಾಗ ಎಂಟು ಇಲ್ಲ, ಐವತ್ತಾರು ಇದ್ದಾರೆ. ರಜೆಯ ದಿನವೂ ಬೀಗ ನೋಡಿ ಹೋಗುವ ಅಭ್ಯಾಸದ ಮ್ಯಾನೇಜರ್ ಅಷ್ಟರಲ್ಲಿ ಬಾಗಿಲಲ್ಲಿ ಕಾಣಿಸಿಕೊಂಡರು. ಸುತ್ತಿಗೆ ಯಾರ ಕೈಯಲ್ಲಿದೆ ಎಂದು ನೋಡಿದರು.

"ಗೇಟಿನ ಮುಂದೆ ನಿಲ್ಲೋ ಹುಡುಗಿ ಅಲ್ವಾ ಇದು?"

"ನನ್ನ ಮಗಳು," ಎಂದರು ಕಿವಿಯಪ್ಪ. "ಇವಳೇ ತಟ್ಟಿದ್ದು. ನನಗೆ ಕಿವಿ ಕೇಳಿಸಲ್ಲ."

ಮ್ಯಾನೇಜರ್ ಹತ್ತಿರ ಬಂದು, ಅವರ ಬಲಗಿವಿಯ ಬಳಿ ಜೋರಾಗಿ ಮಾತಾಡಿದರು. ಅವರು ವರ್ಷದಿಂದ ಹಾಗೇ ಮಾತಾಡುತ್ತಿದ್ದರೆಂಬುದು ಕಿವಿಯಪ್ಪನಿಗೆ ಈಗ ಹೊಳೆಯಿತು. "ಅದು ಇಡೀ ಕಾರ್ಖಾನೆಗೆ ಗೊತ್ತು."

"ಮತ್ತೆ ನನಗೆ ಯಾರೂ ಹೇಳಲಿಲ್ಲವಲ್ಲ."

"ಹೇಳಿದ್ದೆ. ಎರಡು ಸಲ."

ಮಗಳು ಮುಖ ತಿರುಗಿಸಿಕೊಂಡಳು, ನಕ್ಕಳೋ ಏನೋ. ಮ್ಯಾನೇಜರ್ ಹಾಳೆ ತೆಗೆದುಕೊಂಡು, "ಎಂಟು ಜಾಸ್ತಿಯಾಯ್ತು. ಇವಳ ಮಾತು ನಂಬಬಹುದಾ?" ಎಂದರು, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

"ಮೂವತ್ತೇಳರಲ್ಲಿ ನಾನು ನಂಬಲಿಲ್ಲ. ಬಿರಡೆ ಇದೆ, ಹೋಗಿ ನೋಡಿ."

ಮ್ಯಾನೇಜರ್ ಹೋಗಿ, ಬಿರಡೆ ತೆಗೆದು, ಮೂಸಿ, ವಾಪಸ್ ಇಟ್ಟು ಬಂದರು. "ಮಿಕ್ಕಿದ್ದು?"

"ಮಿಕ್ಕಿದ್ದು ಕೊರೆದಿಲ್ಲ. ಕೊರೆಯೋದೂ ಇಲ್ಲ." ಕಿವಿಯಪ್ಪ ಆರಿದ ಮುದ್ರೆಯನ್ನು ಹಾಳೆಯ ಪಕ್ಕದಲ್ಲಿಟ್ಟರು. "ವಾಪಸ್ ಬರೋವರೆಗೆ ಕಾಯೋದು ಬೇಡ. ಇದು ತಗೊಳ್ಳಿ. ನಾಳೆಯಿಂದ ಹಲಗೆ ಒರೆಸ್ತೀನಿ."

ಮ್ಯಾನೇಜರ್ ಏನನ್ನೋ ಹೇಳಿದರು. ಈ ಸಲ ಮೆಲ್ಲಗೆ ಹೇಳಿದ್ದರಿಂದ ಕೇಳಿಸಲಿಲ್ಲ. ಮಗಳ ಮುಖ ನೋಡಿದರೆ ಕೆಟ್ಟ ಮಾತಿರಲಾರದು. ಮ್ಯಾನೇಜರ್ ಚಾಚಿದ ಹಾಳೆಗೆ ಕಿವಿಯಪ್ಪ ಸಹಿ ಹಾಕಿದರು.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಅವಳು ಅವರ ಬಲಗಡೆ ಕೂತಳು. ಮೂರು ನಿಲ್ದಾಣ ಕಳೆದ ಮೇಲೆ ಚೀಲ ತೆರೆದು, ನೀರು ಕುಡಿದು, ಬೈರಿಗೆ ತೆಗೆದು ಅವರ ಮಡಿಲಲ್ಲಿಟ್ಟಳು.

"ರುಚಿ ಹೇಗಿತ್ತು?"

"ಬಿರುಕು ಬಿಟ್ಟಿತ್ತಲ್ಲ."

"ಬಿರುಕಲ್ಲ, ರುಚಿ."

ಅವರು ಹೆಂಡತಿಯನ್ನೂ ಡಾಕ್ಟರನ್ನೂ ನೆನೆದರು. ಸುಳ್ಳು ಹೇಳಲು ಬೇಕಾದ ಚುರುಕು ಆ ದಿನಕ್ಕೆ ಮುಗಿದುಹೋಗಿತ್ತು. "ಚೆನ್ನಾಗಿತ್ತು," ಎಂದರು. "ತುಂಬಾ ಚೆನ್ನಾಗಿತ್ತು."

"ಗೊತ್ತು." ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು, ಮತ್ತೆ ಅವರ ಕಡೆ ತಿರುಗಿ, ಕೇಳಿಸುವಂತೆ ಹೇಳಿದಳು. "ಆರು ವರ್ಷವಾದರೂ ಗೊತ್ತು. ಅದೇ ಕಷ್ಟ."

ಮುಂದಿನ ನಿಲ್ದಾಣದಲ್ಲಿ ಅವರೇ ಮಾತು ತೆಗೆದರು. "ನಿಮ್ಮಮ್ಮನಿಗೆ ಹೇಳಬೇಕು."

"ಚೀಸ್ ತಿಂದದ್ದಾ?"

"ಅದನ್ನು ಹೇಳಿದರೆ ಖುಷಿಪಡ್ತಾಳೆ. ಅದಲ್ಲ. ಹಸು ಈಗಲೂ ಕೂಗುತ್ತೆ ಅಂತ. ನನ್ನ ಬಾಯಿಂದ ಹೋದ ಮಾತು, ನಾನೇ ವಾಪಸ್ ತಗೋಬೇಕು."

"ಹೇಳಿದರೆ ಹಾಲು ಬಿಡ್ತಾಳಾ?"

"ಎಲ್ಲಿ ಬಿಡ್ತಾಳೆ. ಮೂಳೆ ಅಂತಾಳೆ."

"ನೀನು?"

ಬಸ್ಸು ಗುಂಡಿಗೆ ಇಳಿದು ಏರಿತು. ಕಿವಿಯಪ್ಪ ಬೈರಿಗೆಯನ್ನು ಕೈಯಲ್ಲಿ ಹಿಡಿದುಕೊಂಡು, ಇನ್ನು ಇದನ್ನೇನು ಮಾಡುವುದು ಎಂದು ನೋಡುತ್ತಿದ್ದರು. ಪ್ರಶ್ನೆ ಅವರಿಗೆ ಕೇಳಿಸಿತ್ತು. ಕೇಳಿಸಿತು ಎಂದು ಅವಳಿಗೂ ಗೊತ್ತಾಗಿತ್ತು; ಅವಸರಪಡಿಸಲಿಲ್ಲ. ಇಳಿಯುವ ನಿಲ್ದಾಣಕ್ಕೆ ಇನ್ನೂ ಸಾಕಷ್ಟು ದೂರವಿತ್ತು.